ಮೊದಲ ಹೆರಿಗೆ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ, ಎರಡನೇದಕ್ಕೆ ಹೇಗೆ ತಯಾರಾಗೋದು? (ಮೈಸೂರು, ಮಂಡ್ಯ ಕಡೆಯವರು ಹೇಳಿ)

ಬೋಗಾದಿ_ಗುಬ್ಬಿ:
ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯೋದು ಇದೇ ಮೊದಲು. ಉದ್ದ ಆದರೆ ಬೈಕೋಬೇಡಿ.

ನನ್ನ ತವರು ಪಾಂಡವಪುರದ ಕಡೆ, ಮದುವೆಯಾಗಿ ಮೈಸೂರಿಗೆ ಬಂದೆ. ಮಗಳಿಗೆ ಈಗ 2 ವರ್ಷ 8 ತಿಂಗಳು. ಮೊದಲ ಹೆರಿಗೆ ತವರಲ್ಲೇ ಆಗಬೇಕು ಅಂತ ಊರಿಗೆ ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಸೇರಿಸಿದ್ದರು, ಹೆಸರು ಬೇಡ. ದಿನ ಮೀರಿದೆ ಅಂತ ಡ್ರಿಪ್ ಹಾಕಿ ನೋವು ಬರಿಸಿದರು. 18 ಗಂಟೆ. ಅಮ್ಮನನ್ನು ಒಳಗೆ ಬಿಡಲಿಲ್ಲ. ನಾನು ಮಲಗಿದ್ದ ಟೇಬಲ್‌ನ ಎದುರು ಗೋಡೆಗೆ ಯಾವುದೋ ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ತೂಗು ಹಾಕಿದ್ದರು. ಅಮಾವಾಸ್ಯೆಯ ಕಪ್ಪು ಚುಕ್ಕೆ ಎಲ್ಲಿದೆ, ಹುಣ್ಣಿಮೆಯ ಬಿಳಿ ಚುಕ್ಕೆ ಎಲ್ಲಿದೆ, ಯಾವ ದಿನ ರಾಹುಕಾಲ ಎಷ್ಟೊತ್ತಿಗೆ, ಎಲ್ಲ ಬಾಯಿಪಾಠ ಆಗಿಹೋಗಿತ್ತು. ಕೊನೆಗೆ ಒಬ್ಬರು ಸ್ಟೂಲ್ ಹತ್ತಿ ನಿಂತು ಮೊಣಕೈಯಲ್ಲಿ ಹೊಟ್ಟೆ ಒತ್ತಿದರು. ಏನು ಮಾಡ್ತಿದ್ದೀರಾ ಅಂತ ಕೇಳಿದರೆ "ಸುಮ್ನೆ ಮುಕ್ಕಮ್ಮ" ಅಂದರು. ಆಮೇಲೆ ಕೆಳಗೆ ಕೊಯ್ದರು, ಮಗುವಿನ ತಲೆಗೆ ವ್ಯಾಕ್ಯೂಮ್ ಹಾಕಿ ಎಳೆದರು. ಮಗು ಅತ್ತಿದ್ದು ಕೇಳಿಸಿತು. ಅದಾದ ಮೇಲೆ ಹಲ್ಲು ಕಟಕಟ ಅನ್ನೋ ಹಾಗೆ ಚಳಿ, ಕೆಳಗೆಲ್ಲ ಒದ್ದೆ. ರಕ್ತ ನಿಲ್ಲುತ್ತಿಲ್ಲ ಅಂತ ಆಂಬ್ಯುಲೆನ್ಸ್‌ನಲ್ಲಿ ಮೈಸೂರಿಗೆ ಕಳಿಸಿದರು. 2 ಬಾಟಲಿ ರಕ್ತ ಕೊಟ್ಟರು. ಮಗಳ ಮುಖ ಸರಿಯಾಗಿ ನೋಡಿದ್ದು ಮೂರನೇ ದಿನ.

ಹೊರಡೋ ಮುಂಚೆ ಅಲ್ಲಿಯ ಒಬ್ಬ ಸಿಸ್ಟರ್ ಅಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತ್ತು. "ನಿಮ್ಮ ಮಗಳು ಸರಿಯಾಗಿ ಮುಕ್ಕಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ."

ನಮ್ಮ ಮನೆಯವರಿಗೆ ಇನ್ನೊಂದು ಮಗು ಬೇಕು. ನನಗೂ ಬೇಕು, ಸುಳ್ಳು ಹೇಳಲ್ಲ. ಆದರೆ ಹೋದ ತಿಂಗಳು ಮುಟ್ಟು 4 ದಿನ ತಡವಾದಾಗ ಬಚ್ಚಲುಮನೆಯಲ್ಲಿ ಕೂತುಬಿಟ್ಟೆ, ಎದ್ದು ನಿಲ್ಲೋಕೆ ಆಗಲಿಲ್ಲ. ಈಗ ನನ್ನ ಪ್ರಶ್ನೆ ಇಷ್ಟೇ. ಈ ಸಲ ನೇರವಾಗಿ ಆಪರೇಷನ್ ಮಾಡಿ ಅಂತ ಕೇಳಬಹುದಾ? ಕೇಳಿದರೆ ಡಾಕ್ಟರು ನಗ್ತಾರಾ?

ಎರಡು_ಜಡೆ:
ನಗಲ್ಲ ಕಣ್ರೀ. ನಾನು ಕೇಳಿದ್ದೆ. ಮೊದಲನೇದು ನಾರ್ಮಲ್, ಆದರೆ ಅದನ್ನ ನಾರ್ಮಲ್ ಅನ್ನೋಕೆ ನನಗೆ ಬಾಯಿ ಬರಲ್ಲ. ಎರಡನೇದು ದಿನ ಗೊತ್ತು ಮಾಡಿ ಆಪರೇಷನ್. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ, 9 ತಿಂಗಳಲ್ಲಿ ಅಷ್ಟು ಚೆನ್ನಾಗಿ ಮಲಗಿದ್ದು ಅವತ್ತೇ. ಆದರೆ ಅದೇನು ಹೂವಿನ ಹಾಸಿಗೆ ಅಲ್ಲ. ಕೆಮ್ಮಿದರೆ ಹೊಲಿಗೆ ಹರಿದಂಗೆ ಆಗುತ್ತೆ, ದೊಡ್ಡ ಮಗ "ಎತ್ತಿಕೋ" ಅಂತ ಸೀರೆ ಹಿಡಿದು ಅಳುತ್ತಾ ನಿಂತರೆ ಆರು ವಾರ ಎತ್ತಿಕೊಳ್ಳೋ ಹಾಗಿಲ್ಲ. ಇನ್ನೊಂದು, ಮುಂದೆ ಮೂರನೇದು ಅಂತ ಏನಾದರೂ ಮನಸ್ಸಿದ್ದರೆ ಮೊದಲೇ ಹೇಳಿ. ಹಳೇ ಹೊಲಿಗೆ ಮೇಲೆ ಮಾಸು ಕಚ್ಚಿಕೊಳ್ಳೋ ಅಪಾಯ ಪ್ರತಿ ಆಪರೇಷನ್‌ಗೂ ಜಾಸ್ತಿ ಆಗುತ್ತಾ ಹೋಗುತ್ತೆ ಅಂತ ನಮ್ಮ ಡಾಕ್ಟರು ಹೇಳಿದ್ದರು.

ಹಳೇ_ಬೇರು:
ನಾವೆಲ್ಲ ಮನೆಯಲ್ಲೇ ಹೆತ್ತವರು. ನಮ್ಮತ್ತೆ ಗದ್ದೆಯಿಂದ ಬಂದು ಹೆತ್ತು ಮೂರನೇ ದಿನ ನೀರು ಸೇದಿದ್ದರು. ಈಗಿನವರಿಗೆ ಎಲ್ಲಕ್ಕೂ ಭಯ. ಹೆರಿಗೆ ಅಂದರೆ ಹೆಂಗಸಿಗೆ ಮರುಹುಟ್ಟು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಧೈರ್ಯ ತಂದುಕೋ ಮಗಳೇ, ಎಲ್ಲ ಮರೆತುಹೋಗುತ್ತೆ.

ಕುಕ್ಕರಹಳ್ಳಿ_ವಾಕರ್:
ಅಮ್ಮ, ಬೇಜಾರು ಮಾಡ್ಕೋಬೇಡಿ. ಮರುಹುಟ್ಟು ಅಂದಿದ್ದು ಯಾಕೆ ಅಂತ ಯೋಚನೆ ಮಾಡಿ, ಎಷ್ಟೋ ಜನ ಮರಳಿ ಬರುತ್ತಿರಲಿಲ್ಲ ಅಂತ ತಾನೇ? ನಮ್ಮಜ್ಜಿಯ ಅಕ್ಕ ಹಾಗೇ ಹೋದವರು, ಮನೆಯಲ್ಲಿ ಅವರ ಫೋಟೋ ಕೂಡ ಇಲ್ಲ. ಗುಬ್ಬಿಯವರಿಗೆ 2 ವರ್ಷ 8 ತಿಂಗಳಾದರೂ ಮರೆತಿಲ್ಲ. ಮರೆತುಹೋಗುತ್ತೆ ಅಂತ ಹೇಳಿದರೆ, ಮರೆಯದೆ ಇರೋದೂ ಅವರದೇ ತಪ್ಪು ಅನ್ನೋ ಹಾಗಾಗುತ್ತೆ.

ನಿವೃತ್ತ_ಸಿಸ್ಟರ್:
ಗುಬ್ಬಿ, 31 ವರ್ಷ ಲೇಬರ್ ವಾರ್ಡಿನಲ್ಲಿ ಇದ್ದವಳು ನಾನು. ನಾರ್ಮಲ್ಲೋ ಆಪರೇಷನ್ನೋ ಅನ್ನೋ ಪ್ರಶ್ನೆ ಈಗ ಬೇಡ, ಅದು ಎರಡನೇ ಪ್ರಶ್ನೆ. ಮೊದಲನೇದು, ಅವತ್ತು ನಿಮಗೆ ಆಗಿದ್ದಾದರೂ ಏನು? ನೀವು ಬರೆದಿರೋದರಲ್ಲಿ ಕ್ಯಾಲೆಂಡರ್ ಇದೆ, ಮೊಣಕೈ ಇದೆ, ಚಳಿ ಇದೆ. ರಕ್ತ ಯಾಕೆ ಹೋಯಿತು, ಎಷ್ಟು ಹೋಯಿತು, ಹೊಲಿಗೆ ಎಲ್ಲಿವರೆಗೆ ಬಿದ್ದಿದೆ, ಇದ್ಯಾವುದೂ ಇಲ್ಲ. ಯಾಕೆಂದರೆ ನಿಮಗೆ ಯಾರೂ ಹೇಳಿಲ್ಲ. ಅದು ಗೊತ್ತಿಲ್ಲದೆ ಯಾವ ಡಾಕ್ಟರೂ ಮುಂದಿನದಕ್ಕೆ ಸರಿಯಾದ ದಾರಿ ಹೇಳೋಕಾಗಲ್ಲ.

ಫೈಲ್ ತೆಗೆಸಿ. ಡಿಸ್ಚಾರ್ಜ್ ಚೀಟಿ ಒಂದು ಹಾಳೆ ಸಾಲದು. ಪೂರ್ತಿ ಕೇಸ್ ಶೀಟ್, ನೋವಿನ ಚಾರ್ಟ್, ಹೆರಿಗೆ ನೋಟ್ಸ್, ಎರಡೂ ಆಸ್ಪತ್ರೆಯದು. 2002ರ ಮೆಡಿಕಲ್ ಕೌನ್ಸಿಲ್ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಡಾಕ್ಟರು 3 ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಿಮ್ಮ ಮಗಳಿಗೆ 2 ವರ್ಷ 8 ತಿಂಗಳು ಅಂದರೆ ಇನ್ನು 4 ತಿಂಗಳು. ಅದಾದ ಮೇಲೆ ಗುಜರಿಗೆ ಹಾಕಿದೆವು ಅಂದರೆ ನೀವು ಏನೂ ಮಾಡೋಕಾಗಲ್ಲ. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು ಸೀಲ್ ಹಾಕಿಸಿಕೊಂಡು ಬನ್ನಿ.

ಮತ್ತೆ ಆ ಹೊಟ್ಟೆ ಒತ್ತೋದು. ನಾವೂ ಮಾಡಿದ್ದೇವೆ, ಒಪ್ಪಿಕೊಳ್ಳುತ್ತೇನೆ, ನಮಗೆ ಹೇಳಿಕೊಟ್ಟಿದ್ದೇ ಹಾಗೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನ ಮಾಡಬೇಡಿ ಅಂತಲೇ ಹೇಳಿದೆ. ನೀವು ಕೇಳಿದ ಪ್ರಶ್ನೆ ಸರಿಯಾಗೇ ಇತ್ತು.

ಗೇಟಿನ_ಹೊರಗೆ:
ಗಂಡಸರು ಬರೆಯಬಹುದಾ ಇಲ್ಲಿ? ನಾನು ಮಂಡ್ಯದವನು. ಹೆಂಡತಿ ಒಳಗೆ ಕಿರುಚುತ್ತಿದ್ದರೆ ನಾನು ಹೊರಗೆ ಬೈಕ್ ಮೇಲೆ ಕೂತು ಕಡಲೆಕಾಯಿ ತಿಂದವನು. ಹಸಿವಾಗಿ ಅಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು. ಯಾರೋ ಬಂದು ಪೇಪರ್ ಕೊಟ್ಟರು, ಓದದೆ ಸೈನ್ ಹಾಕಿದೆ. ಆಮೇಲೆ ಒಂದು ವರ್ಷ ಇವಳು ನನ್ನನ್ನ ಹತ್ತಿರ ಸೇರಿಸಲಿಲ್ಲ. ಕೋಪ ಅಂದುಕೊಂಡಿದ್ದೆ. ಭಯ ಅಂತ ಗೊತ್ತಾಗೋಕೆ ತುಂಬಾ ದಿನ ಬೇಕಾಯಿತು.

ಎರಡನೇ ಸಲ ನಾವು ಮಾಡಿದ್ದು ಒಂದೇ ಕೆಲಸ. ಎಂಟನೇ ತಿಂಗಳಲ್ಲಿ ಹೋಗಿ ಲೇಬರ್ ರೂಮ್ ತೋರಿಸಿ ಅಂತ ಕೇಳಿದೆವು. ಮಧ್ಯಾಹ್ನ ಖಾಲಿ ಇದ್ದಾಗ ಒಬ್ಬರು ಸಿಸ್ಟರ್ ಕರೆದುಕೊಂಡು ಹೋಗಿ ಟೇಬಲ್, ಲೈಟು, ಮಗು ಇಡೋ ಬೆಚ್ಚಗಿನ ತೊಟ್ಟಿಲು ಎಲ್ಲ ತೋರಿಸಿದರು. ಇವಳು ಆ ಟೇಬಲ್ ಹತ್ತಿ ಮಲಗಿ, ತಾನೇ ಇಳಿದು ಬಂದಳು. ಹೊರಗೆ ಬಂದು ಎಳನೀರು ಕುಡಿದು ಅರ್ಧ ಗಂಟೆ ಅತ್ತಳು. ಹೆರಿಗೆ ದಿನ ಅವಳ ಅಕ್ಕ ಒಳಗೆ ಇದ್ದರು. ಸರ್ಕಾರಿ ಆಸ್ಪತ್ರೆಗಳಲ್ಲೂ ಜೊತೆಗೆ ಒಬ್ಬ ಹೆಂಗಸನ್ನ ಬಿಡಬೇಕು ಅಂತ ಇದೆ. ಲೇಬರ್ ರೂಮ್ ಸುಧಾರಿಸೋಕೆ ಕೇಂದ್ರ ಸರ್ಕಾರ ತಂದ 2017ರ ಲಕ್ಷ್ಯ ಕಾರ್ಯಕ್ರಮದಲ್ಲಿ ಅದೂ ಸೇರಿದೆ, ಕೇಳಿ ತಿಳಿದುಕೊಂಡಿದ್ದು. ಆದರೂ ಮೊದಲೇ ಹೋಗಿ ಮಾತಾಡಿ, ಆ ಹೊತ್ತಿನಲ್ಲಿ ಗೇಟಿನ ಹತ್ತಿರ ವಾದ ಮಾಡೋಕೆ ಯಾರಿಗೂ ತ್ರಾಣ ಇರಲ್ಲ.

ಬೋಗಾದಿ_ಗುಬ್ಬಿ:
ಎಲ್ಲರದೂ ಓದಿದೆ. ಸಿಸ್ಟರ್, ಫೈಲ್ ವಿಷಯ ಸರಿ. ಆದರೆ ಆ ರಸ್ತೆ ಬಂದರೇ ನನಗೆ ಹೊಟ್ಟೆ ತೊಳಸುತ್ತೆ. ತವರಿಗೆ ಹೋಗುವಾಗಲೂ ಸುತ್ತು ಹಾಕಿಸಿಕೊಂಡು ಹೋಗುತ್ತೇನೆ, ನಮ್ಮ ಮನೆಯವರು ಪೆಟ್ರೋಲ್ ಲೆಕ್ಕ ಹಾಕೋದು ಬಿಟ್ಟಿದ್ದಾರೆ ಈಗ. ಫಿನಾಯಿಲ್ ವಾಸನೆ ಬಂದರೂ ಅಷ್ಟೇ.

ಎರಡು_ಜಡೆ:
ನೀವೇ ಹೋಗಬೇಕು ಅಂತೇನಿಲ್ಲ. ನೀವು ಸೈನ್ ಮಾಡಿದ ಪತ್ರ, ಆಧಾರ್ ಜೆರಾಕ್ಸ್ ಕೊಟ್ಟು ಯಜಮಾನರನ್ನ ಕಳಿಸಿ. ಮತ್ತೆ ವಾಸನೆಗೆ, ರಸ್ತೆಗೆ ಹೀಗಾಗುತ್ತಿದೆ ಅಂದರೆ ಅದನ್ನೂ ತೋರಿಸಿ ಕಣ್ರೀ. ಕಷ್ಟದ ಹೆರಿಗೆ ಆದ ಕೆಲವರಿಗೆ ಆಕ್ಸಿಡೆಂಟ್ ಆದವರಿಗೆ ಆಗೋ ಥರದ್ದೇ ಆಘಾತ ಉಳಿದುಕೊಳ್ಳುತ್ತೆ, ಅದಕ್ಕೆ ಚಿಕಿತ್ಸೆ ಇದೆ. ನಾನು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ದೆ. ಫ್ರೀ, ಕನ್ನಡದಲ್ಲೇ ಮಾತಾಡಿದರು. ಮೊದಲ ಸಲ ಎರಡು ನಿಮಿಷ ಏನೂ ಮಾತಾಡದೆ ಫೋನ್ ಹಿಡಿದುಕೊಂಡಿದ್ದೆ, ಆ ಕಡೆಯವರು ಇಡಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ, ಬಾಣಂತಿಯರಿಗೆ ಅಂತಲೇ ಬೇರೆ ವಿಭಾಗ ಇದೆ, ತೀರಾ ಬೇಕಾದರೆ ಅಲ್ಲಿ. ಬಸುರಿ ಆಗೋ ಮುಂಚೆಯೇ ಶುರು ಮಾಡಿದರೆ ಒಳ್ಳೇದು, ಆಮೇಲೆ ವಾಂತಿ ಸುಸ್ತಿನ ಮಧ್ಯೆ ಯಾರು ಓಡಾಡ್ತಾರೆ.

ಮದ್ದೂರು_ವಡೆ:
ನನ್ನದು ಉಲ್ಟಾ ಕಥೆ, ಬೇರೆ ಯಾರಿಗಾದರೂ ಬೇಕಾಗಬಹುದು ಅಂತ ಬರೀತೀನಿ. ಮೊದಲನೇದು ತುರ್ತು ಸಿಜೇರಿಯನ್, ಮಗು ಬಡಿತ ಇಳಿಯಿತು ಅಂತ ಓಡಿಸಿಕೊಂಡು ಹೋದರು. ಎರಡನೇದು ನಾರ್ಮಲ್ ಬೇಕು ಅಂತ ನಾನೇ ಹಟ ಹಿಡಿದೆ. ಎರಡು ಕಡೆ ಒಪ್ಪಲಿಲ್ಲ, ಮೂರನೇ ಡಾಕ್ಟರು ಹಳೇ ಫೈಲ್ ನೋಡಿ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದಾರೆ, ಪ್ರಯತ್ನ ಮಾಡಬಹುದು ಅಂದರು. ಅವರು ಹೇಳಿದ ಲೆಕ್ಕ: ಪ್ರಯತ್ನ ಮಾಡಿದ 4 ಜನರಲ್ಲಿ ಸುಮಾರು 3 ಜನರಿಗೆ ನಾರ್ಮಲ್ ಆಗುತ್ತೆ, ಹಳೇ ಹೊಲಿಗೆ ಬಿಟ್ಟುಕೊಳ್ಳೋದು ಸುಮಾರು 200ರಲ್ಲಿ ಒಬ್ಬರಿಗೆ. ನೋವು ತಾನಾಗೇ ಬಂದರೆ ಒಳ್ಳೇದು, ಡ್ರಿಪ್ ಹಾಕಿ ಬರಿಸಿದರೆ ಆ ಅಪಾಯ ಜಾಸ್ತಿ. ಎರಡು ಹೆರಿಗೆ ಮಧ್ಯೆ ಒಂದೂವರೆ ವರ್ಷಕ್ಕಿಂತ ಕಮ್ಮಿ ಇದ್ದರೂ ಜಾಸ್ತಿ. ರಾತ್ರಿ 2 ಗಂಟೆಗೂ ಆಪರೇಷನ್ ಥಿಯೇಟರ್ ತೆರೆಯೋ, ಅರಿವಳಿಕೆ ಡಾಕ್ಟರು ಇರೋ ಜಾಗ ಆಗಲೇಬೇಕು. ಹಾಗಾಗಿ ಮದ್ದೂರು ಬಿಟ್ಟು ಮೈಸೂರಲ್ಲಿ ಚಿಕ್ಕಮ್ಮನ ಮನೆಯಲ್ಲಿ ಕೊನೆ ಒಂದು ತಿಂಗಳು ಇದ್ದೆ. ಆಯಿತು. ಮೂರು ಹೊಲಿಗೆ, ಸಂಜೆಗೆ ಎದ್ದು ಓಡಾಡಿದೆ.

ಬೋಗಾದಿ_ಗುಬ್ಬಿ (11 ದಿನದ ನಂತರ):
ಫೈಲ್ ಬಂತು. ಮೊದಲು ಇಲ್ಲ ಅಂದರಂತೆ, ಅರ್ಜಿಯಲ್ಲಿ 72 ಗಂಟೆ ಅಂತ ಬರೆದಿದ್ದು ನೋಡಿ "ನಾಳೆ ಬನ್ನಿ" ಅಂದರಂತೆ. 38 ಹಾಳೆ. ನಿನ್ನೆ ರಾತ್ರಿ ಮಗಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಓದಿದೆವು. ಅರ್ಧ ಅಕ್ಷರವೇ ಅರ್ಥ ಆಗಲಿಲ್ಲ. ಒಂದು ಕಡೆ ಓಪಿ ಅಂತ ಬರೆದಿದೆ, ನಾನು ಹೊರರೋಗಿ ಅಂದುಕೊಂಡೆ, ನಾನು ಒಳಗೇ ಇದ್ದೆನಲ್ಲ! ಮಗುವಿನ ತೂಕ 3.8 ಕೆಜಿ. ಹೊಲಿಗೆ ಹತ್ತಿರ "3ನೇ ಡಿಗ್ರಿ" ಅಂತ ಇದೆ. ರಕ್ತ 1200 ಎಂಎಲ್, ಪಕ್ಕದಲ್ಲಿ ಏಟಾನಿಕ್. ಸಿಸ್ಟರ್, ಸ್ವಲ್ಪ ಬಿಡಿಸಿ ಹೇಳ್ತೀರಾ?

ನಿವೃತ್ತ_ಸಿಸ್ಟರ್:
ಓಪಿ ಅಂದರೆ ಮಗು ಮಲಗಿದ್ದ ರೀತಿ. ಸಾಮಾನ್ಯವಾಗಿ ಮಗು ತಾಯಿಯ ಬೆನ್ನಿನ ಕಡೆ ಮುಖ ಮಾಡಿಕೊಂಡು ಹೊರಗೆ ಬರುತ್ತೆ. ನಿಮ್ಮ ಮಗಳು ಮುಖ ಹೊಟ್ಟೆಯ ಕಡೆಗೆ ಮಾಡಿದ್ದಳು. ಹಾಗೆ ಕೂತರೆ ತಲೆಯ ಅಗಲ ಭಾಗ ಮುಂದೆ ಬರುತ್ತೆ. ನೋವು ಉದ್ದ ಆಗುತ್ತೆ, ಸೊಂಟ ಮುರಿದುಹೋದಂಗೆ ನೋಯುತ್ತೆ, ವ್ಯಾಕ್ಯೂಮ್ ಬೇಕಾಗೋದು ಜಾಸ್ತಿ, ಹರಿಯೋದೂ ಜಾಸ್ತಿ. ಅದರ ಮೇಲೆ 3.8 ಕೆಜಿ. ಗಂಟೆಗಟ್ಟಲೆ ಡ್ರಿಪ್‌ನಲ್ಲಿ ದುಡಿದ ಗರ್ಭಕೋಶ ಹೆರಿಗೆ ಆದ ಮೇಲೆ ಸೋತು ಸಡಿಲ ಆಗಿ ಬಿಗಿಯಲಿಲ್ಲ, ಅದೇ ಏಟಾನಿಕ್. ಬಿಗಿಯದಿದ್ದರೆ ರಕ್ತ ನಿಲ್ಲಲ್ಲ. 500 ಎಂಎಲ್ ದಾಟಿದರೇ ಜಾಸ್ತಿ ಅಂತ ಲೆಕ್ಕ, ನಿಮ್ಮದು ಅದರ ಎರಡರಷ್ಟಕ್ಕಿಂತ ಹೆಚ್ಚು.

38 ಹಾಳೆಯಲ್ಲಿ "ತಾಯಿ ಸರಿಯಾಗಿ ಮುಕ್ಕಲಿಲ್ಲ" ಅಂತ ಎಲ್ಲಾದರೂ ಇದೆಯಾ ನೋಡಿ.

ಈಗ ಒಂದು ಪ್ರಶ್ನೆ ಕೇಳುತ್ತೇನೆ, ಇಲ್ಲಿ ಬೇಡ ಅನ್ನಿಸಿದರೆ ನನಗೆ ಬೇರೆಯಾಗಿ ಬರೆಯಿರಿ. 3ನೇ ಡಿಗ್ರಿ ಅಂದರೆ ಮಲದ್ವಾರದ ಸುತ್ತ ಇರೋ ಸ್ನಾಯುವೂ ಹರಿದಿದೆ ಅಂತ. ನಿಮಗೆ ಗಾಳಿ ತಡೆದುಕೊಳ್ಳೋಕೆ ಆಗುತ್ತಾ? ಎರಡಕ್ಕೆ ಅವಸರ ಆಗುತ್ತಾ?

ಬೋಗಾದಿ_ಗುಬ್ಬಿ:
ಇಲ್ಲೇ ಹೇಳ್ತೀನಿ. ಗಾಳಿ ತಡೆದುಕೊಳ್ಳೋಕೆ ಆಗಲ್ಲ. ಹೋದ ದಸರಾದಲ್ಲಿ ಜಂಬೂಸವಾರಿ ನೋಡೋಕೆ ಮಗಳನ್ನ ಹೆಗಲ ಮೇಲೆ ಕೂರಿಸಿಕೊಂಡು ಜನರ ಮಧ್ಯೆ ನಿಂತಿದ್ದೆವು. ಆನೆ ಬರೋ ಮುಂಚೆಯೇ ಮನೆಗೆ ಹೋಗೋಣ ಅಂತ ನಾನು ಜಗಳ ಮಾಡಿದೆ. ಕಾರಣ ಹೇಳಲಿಲ್ಲ, ತಲೆನೋವು ಅಂದೆ. ಹೆತ್ತವರಿಗೆಲ್ಲ ಹೀಗೇ ಇರುತ್ತೆ ಅಂದುಕೊಂಡಿದ್ದೆ. ಇದನ್ನ ಟೈಪ್ ಮಾಡುವಾಗ ಪಕ್ಕದಲ್ಲಿ ಇವರು ಓದುತ್ತಿದ್ದಾರೆ. ಇವರಿಗೂ ಈಗಲೇ ಗೊತ್ತಾಗಿದ್ದು.

ನಿವೃತ್ತ_ಸಿಸ್ಟರ್:
ಹೆತ್ತವರಿಗೆಲ್ಲ ಇರಲ್ಲಮ್ಮ. ಇದಕ್ಕೆ ಪರೀಕ್ಷೆ ಇದೆ, ವ್ಯಾಯಾಮ ಹೇಳಿಕೊಡೋ ಫಿಸಿಯೋಥೆರಪಿಯವರು ಇದ್ದಾರೆ, ಸ್ನಾಯು ಎಷ್ಟು ಕೂಡಿದೆ ಅಂತ ನೋಡೋ ಸ್ಕ್ಯಾನ್ ಇದೆ. ಹಿಂದೆ ಹೀಗೆ ಹರಿದಿದ್ದವರಿಗೆ ಮತ್ತೆ ಅಷ್ಟೇ ಹರಿಯೋದು 100ರಲ್ಲಿ 5ರಿಂದ 7 ಜನರಿಗೆ. ತೊಂದರೆ ಏನೂ ಉಳಿದಿಲ್ಲ ಅಂದರೆ ನಾರ್ಮಲ್ ಪ್ರಯತ್ನ ಮಾಡಿ ಅಂತ ಹೇಳ್ತಾರೆ. ನಿಮ್ಮ ಹಾಗೆ ತೊಂದರೆ ಇದ್ದರೆ ಆಪರೇಷನ್ ಬಗ್ಗೆ ಡಾಕ್ಟರೇ ಮಾತು ತೆಗೀತಾರೆ. ನೀವು ಮೊದಲ ದಿನ ಕೇಳಿದ ಪ್ರಶ್ನೆಗೆ ಈಗ ಕಾರಣ ಸಿಕ್ಕಿತು ನೋಡಿ.

ಯಾವ ದಾರಿ ಆದರೂ ಸರಿ, ರಕ್ತದ ವಿಷಯ ಮಾತ್ರ ಮರೆಯಬೇಡಿ. ಒಮ್ಮೆ ಹಾಗೆ ಹೋದವರಿಗೆ ಮತ್ತೆ ಹೋಗೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಆಪರೇಷನ್‌ನಲ್ಲೂ ಹೋಗುತ್ತೆ. ಬ್ಲಡ್ ಬ್ಯಾಂಕ್ ಇರೋ ಕಡೆಯೇ ಹೆರಿಗೆ ಆಗಬೇಕು. ದುಡ್ಡಿನ ಚಿಂತೆ ಇದ್ದರೆ ಮೈಸೂರಿನ ಚೆಲುವಾಂಬ, ಮಂಡ್ಯದ ಮಿಮ್ಸ್ ಎರಡೂ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳೇ. 2011ರಿಂದ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಜೇರಿಯನ್, ರಕ್ತ ಎರಡಕ್ಕೂ ದುಡ್ಡು ತಗೊಳ್ಳೋ ಹಾಗಿಲ್ಲ. ಹಿಮೋಗ್ಲೋಬಿನ್ ಈಗಲೇ ನೋಡಿಸಿ. ಬಸುರಿಗೆ 11, ಅದಕ್ಕೆ ಮುಂಚೆ 12 ಇರಬೇಕು. ಕಮ್ಮಿ ರಕ್ತ ಇಟ್ಟುಕೊಂಡು ಹೋದರೆ ಸ್ವಲ್ಪ ಹೋದರೂ ತಡೆಯಲ್ಲ.

ಒಂದೇ_ಸಾಕು:
ನಾನು ಇದನ್ನೂ ಹೇಳಿಬಿಡ್ತೀನಿ, ಯಾರೂ ಹೇಳಲಿಲ್ಲ. ಬೇಡ ಅನ್ನೋದೂ ಒಂದು ಉತ್ತರ. ನನಗೂ ಹೀಗೇ ಆಗಿತ್ತು, ನಾವು ಒಂದಕ್ಕೇ ನಿಲ್ಲಿಸಿದೆವು. ಮಗಳು ಆರನೇ ಕ್ಲಾಸು. "ಒಂದು ಗಂಡು ಇರಲಿ" ಅನ್ನೋ ಮಾತು ಈಗಲೂ ಹಬ್ಬಕ್ಕೊಂದು ಸಲ ಬರುತ್ತೆ. ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ನೋಡೋಕೆ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನ್ ಮಷಿನ್ ಇಟ್ಟುಕೊಂಡಿದ್ದ ಸುದ್ದಿ 2023ರಲ್ಲಿ ಓದಿದೆವಲ್ಲ, ನಮ್ಮ ಕಡೆ ಈ ಆಸೆ ಎಲ್ಲಿವರೆಗೆ ಹೋಗುತ್ತೆ ಅಂತ. ಗುಬ್ಬಿ, ನಿಮಗೇ ಬೇಕು ಅಂದಿದ್ದೀರಿ, ಅದನ್ನ ನಂಬುತ್ತೇನೆ. ಬೇರೆಯವರಿಗೋಸ್ಕರ ಆಗಿದ್ದರೆ ಮಾತ್ರ ಇನ್ನೊಮ್ಮೆ ಯೋಚನೆ ಮಾಡಿ.

ಹಳೇ_ಬೇರು:
ಗುಬ್ಬಿ, ಅವತ್ತು ನಾನು ಬರೆದಿದ್ದು ನೋಡಿ ನನ್ನ ಸೊಸೆ ಎರಡು ದಿನ ಮಾತಾಡಲಿಲ್ಲ. ಅವಳಿಗೂ ಕಷ್ಟ ಆಗಿತ್ತಂತೆ, ನನಗೆ ಹೇಳೇ ಇರಲಿಲ್ಲ. ಗಾಳಿ ವಿಷಯ ನನಗೂ ಇತ್ತು, 40 ವರ್ಷ. ಅದಕ್ಕೆ ಡಾಕ್ಟರು ಇದ್ದಾರೆ ಅಂತ ಇವತ್ತು ಓದಿದೆ. ನನ್ನ ವಯಸ್ಸಿನವರಿಗೂ ನೋಡ್ತಾರಾ ಸಿಸ್ಟರ್?

ನಿವೃತ್ತ_ಸಿಸ್ಟರ್:
ನೋಡ್ತಾರೆ ಅಮ್ಮ. ಸೊಸೆಯನ್ನೂ ಕರೆದುಕೊಂಡು ಹೋಗಿ.

ಬೋಗಾದಿ_ಗುಬ್ಬಿ (ಮೂರು ವಾರದ ನಂತರ):
ಹೋಗಿ ಬಂದೆವು. 38 ಹಾಳೆಯಲ್ಲಿ ಬೇಕಾದ 6 ಹಾಳೆ ಮೇಲಿಟ್ಟು ಕೊಟ್ಟೆ. ಡಾಕ್ಟರು ಓದಿ ಮುಗಿಸೋವರೆಗೂ ಮಾತಾಡಲಿಲ್ಲ, ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಇದನ್ನೆಲ್ಲ ನಿಮಗೆ ಕೂರಿಸಿ ಯಾರಾದರೂ ಹೇಳಿದ್ದರಾ?" ಇಲ್ಲ ಅಂದೆ. ಪರೀಕ್ಷೆ ಮಾಡೋ ಮುಂಚೆ "ಈಗ ಮುಟ್ಟಬಹುದಾ" ಅಂತ ಕೇಳಿದರು, ನಾನು ತಡೀರಿ ಅಂದಾಗ ಕೈ ತೆಗೆದರು. ಸ್ಕ್ಯಾನ್‌ಗೆ ಬರೆದಿದ್ದಾರೆ, ಮೂರು ತಿಂಗಳು ವ್ಯಾಯಾಮ. ಅದು ನೋಡಿಕೊಂಡು ಆಪರೇಷನ್ನೋ ಏನೋ ಅಂತ ನಿರ್ಧಾರ, ನೀವು ಆಪರೇಷನ್ ಕೇಳೋದರಲ್ಲಿ ತಪ್ಪೇನಿಲ್ಲ ಅಂದರು. ನಗಲಿಲ್ಲ. ಕೌನ್ಸೆಲಿಂಗ್‌ಗೂ ಹೋಗುತ್ತಿದ್ದೇನೆ, ಎರಡು ಸಲ ಆಯಿತು. ಇನ್ನೂ ಆ ರಸ್ತೆಗೆ ಹೋಗಿಲ್ಲ.

ಹಿಮೋಗ್ಲೋಬಿನ್ 10.1. ಕಬ್ಬಿಣದ ಮಾತ್ರೆ, ಫೋಲಿಕ್ ಆಸಿಡ್ ಎರಡೂ ಶುರು. ಮರೆಯಬಾರದು ಅಂತ ಇವರು ಕಬ್ಬಿಣದ ಮಾತ್ರೆ ಶೀಟನ್ನ ಕಾಫಿಪುಡಿ ಡಬ್ಬದ ಪಕ್ಕ ಇಟ್ಟಿದ್ದಾರೆ.

ನಿವೃತ್ತ_ಸಿಸ್ಟರ್:
ಅಯ್ಯೋ, ಬೇರೆ ಎಲ್ಲಿ ಬೇಕಾದರೂ ಇಡಲಿ, ಕಾಫಿ ಹತ್ತಿರ ಬೇಡ! ಕಾಫಿ, ಟೀ ಜೊತೆ ತಗೊಂಡರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ. ಒಂದೆರಡು ಗಂಟೆ ಬಿಟ್ಟು, ನಿಂಬೆಹಣ್ಣಿನ ಪಾನಕದ ಜೊತೆ ನುಂಗಿ.

ಬೋಗಾದಿ_ಗುಬ್ಬಿ:
ಸರಿ ಸಿಸ್ಟರ್. ದೇವರ ಮನೆಗೆ ಶಿಫ್ಟ್ ಮಾಡಿದೆ, ಕುಂಕುಮದ ಬಟ್ಟಲ ಹಿಂದೆ. ಅತ್ತೆ ಆಗಲೇ ನೋಡಿ, ಇದು ಯಾವ ದೇವರ ಪ್ರಸಾದ ಅಂತ ಕೇಳಿದರು.